ಭತ್ತದ ಹೊಟ್ಟಿನ ಭಟ್ಟಿಗೆ ಸ್ಕ್ರೂ ಫೀಡರ್: ಹಳೆಯದನ್ನು ಬಿಚ್ಚಿ ಹೊಸದು ಕಟ್ಟಿದ ಕೆಲಸ

ಕಾರಟಗಿ ಕಡೆಯ ಒಂದು ರೈಸ್ ಮಿಲ್ಲಿನ ಕೆಲಸ ಇದು. ಅಲ್ಲಿನ ಡ್ರೈಯರ್ ಒಂದು ಸಲಕ್ಕೆ 12 ಟನ್ ಭತ್ತ ಹಿಡಿಯುತ್ತದೆ, ಅದಕ್ಕೆ ಬಿಸಿಗಾಳಿ ಬರುವುದು ಹೊಟ್ಟಿನ ಭಟ್ಟಿಯಿಂದ. ಭಟ್ಟಿಗೆ ಹೊಟ್ಟು ತಳ್ಳಲು ಒಂದು ಸ್ಕ್ರೂ ಫೀಡರ್, ಅಂದರೆ ಪೈಪಿನೊಳಗೆ ತಿರುಗುತ್ತಾ ಹೊಟ್ಟನ್ನು ಮುಂದೆ ತಳ್ಳುವ ಸುರುಳಿ ಇತ್ತು, ಆದರೆ ಅದು ಇದ್ದೂ ಇಲ್ಲದ ಹಾಗಿತ್ತು. ಅರ್ಧ ಹೊತ್ತು ಅದು ಓಡುತ್ತಿತ್ತು, ಉಳಿದರ್ಧ ಹೊತ್ತು ಹುಡುಗರು ಬಾಗಿಲು ತೆಗೆದು ಸಲಿಕೆಯಲ್ಲಿ ಎರಚುತ್ತಿದ್ದರು.

ಸಲಿಕೆಯಲ್ಲಿ ಹಾಕಿದರೆ ಏನಾಗುತ್ತದೆ ನೋಡಿ. ಹೊಟ್ಟು ಬಿದ್ದ ತಕ್ಷಣ ಅದರೊಳಗಿನ ಗ್ಯಾಸೆಲ್ಲ ಒಟ್ಟಿಗೆ ಹೊರಬರುತ್ತದೆ, ಅಷ್ಟನ್ನೂ ಉರಿಸಲು ಗಾಳಿ ಸಾಲುವುದಿಲ್ಲ, ಚಿಮಣಿಯಿಂದ ಕಪ್ಪು ಹೊಗೆ ಬರುತ್ತದೆ. ಸ್ವಲ್ಪ ಹೊತ್ತು ಉರಿ ಜೋರಾಗುತ್ತದೆ. ಆಮೇಲೆ ಹೊಟ್ಟು ಮುಗಿದು ಬರೀ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. ಡ್ರೈಯರ್‌ಗೆ ಹೋಗುವ ಗಾಳಿ ಒಮ್ಮೆ 40 ಡಿಗ್ರಿ ಇದ್ದರೆ ಇನ್ನೊಮ್ಮೆ 65. ಸೋನಾ ಮಸೂರಿಯಂಥ ಸಣ್ಣಕ್ಕಿ ಭತ್ತಕ್ಕೆ ಇದು ಆಗಿಬರುವುದಿಲ್ಲ. ಗಾಳಿ ಜಾಸ್ತಿ ಬಿಸಿಯಾದಾಗ ಕಾಳಿನ ಹೊರಭಾಗ ಬೇಗ ಒಣಗಿ ಒಳಗೆ ಸಣ್ಣ ಬಿರುಕು ಬೀಳುತ್ತದೆ. ಆ ಬಿರುಕು ಡ್ರೈಯರ್‌ನಲ್ಲಿ ಯಾರಿಗೂ ಕಾಣುವುದಿಲ್ಲ, ಪಾಲಿಶ್ ಆಗಿ ಬರುವಾಗ ನುಚ್ಚಾಗಿ ಕಾಣುತ್ತದೆ. ಸಾಹುಕಾರರು ನುಚ್ಚು ಜಾಸ್ತಿ ಬರ್ತಿದೆ ಎಂದು ಹೇಳಿಕೊಂಡು ಬಂದರು. ನಾನು ಮೊದಲು ನೋಡಿದ್ದು ಭಟ್ಟಿಯ ಬಾಯನ್ನು.

ಹೊಟ್ಟು, ಮರದ ಪುಡಿ ಉರಿಸುವ ಭಟ್ಟಿಯಲ್ಲಿ ಎಲ್ಲರೂ ಇಟ್ಟಿಗೆ, ಚಿಮಣಿ, ಫ್ಯಾನಿನ ಬಗ್ಗೆ ಮಾತಾಡುತ್ತಾರೆ. ನನ್ನ ಪ್ರಕಾರ ಮುಕ್ಕಾಲು ಪಾಲು ವಿಷಯ ಇರುವುದು ಫೀಡರ್‌ನಲ್ಲಿ. ಪುಡಿ ಇಂಧನ ಹೊತ್ತಿಕೊಂಡು ಮುಗಿಯುವುದು ಕಟ್ಟಿಗೆಗಿಂತ ತುಂಬಾ ಬೇಗ. ಹಾಗಾಗಿ ಅದು ನಿಮಿಷ ನಿಮಿಷಕ್ಕೂ ಒಂದೇ ಅಳತೆಯಲ್ಲಿ ಬರಬೇಕು, ಮತ್ತು ಬೆಂಕಿಗೆ ಹಿಂದಕ್ಕೆ ಬರಲು ದಾರಿ ಇರಬಾರದು. ಇವೆರಡು ಸರಿಯಾದರೆ ಉಳಿದದ್ದು ತಾನಾಗಿ ಹಾದಿಗೆ ಬರುತ್ತದೆ.

ಮೊದಲು ಎಷ್ಟು ಹೊಟ್ಟು ಬೇಕು ಅಂತ ಲೆಕ್ಕ ಹಾಕಿದೆವು. 12 ಟನ್ ಭತ್ತ 22% ತೇವದಿಂದ 14%ಕ್ಕೆ ಇಳಿಯಬೇಕಾದರೆ ಸುಮಾರು 1,100 ಕೆ.ಜಿ. ನೀರು ಹೊರಗೆ ಹೋಗಬೇಕು. 10 ಗಂಟೆಯಲ್ಲಿ ಒಣಗಬೇಕು ಅಂದರೆ ಗಂಟೆಗೆ 110 ಕೆ.ಜಿ. ಒಂದು ಕೆ.ಜಿ. ನೀರಿಗೆ 1,200 ಕಿಲೋ ಕ್ಯಾಲೊರಿ ಹಿಡಿದರೆ ಗಂಟೆಗೆ 1,32,000 ಆಯಿತು. ಒಣ ಹೊಟ್ಟಿನಲ್ಲಿ ಕೆ.ಜಿ.ಗೆ 3,200 ಕಿಲೋ ಕ್ಯಾಲೊರಿ ಹಿಡಿಯಬಹುದು, ಅದರಲ್ಲಿ ಹೀಟ್ ಎಕ್ಸ್‌ಚೇಂಜರ್ (ಭಟ್ಟಿಯ ಶಾಖವನ್ನು ಡ್ರೈಯರ್ ಗಾಳಿಗೆ ದಾಟಿಸುವ ಭಾಗ) ದಾಟಿ 60% ಕೈಗೆ ಸಿಕ್ಕರೆ ದೊಡ್ಡದು. ಅಂದರೆ ಗಂಟೆಗೆ 70 ಕೆ.ಜಿ. ಹೊಟ್ಟು ಬೇಕು. ತೇವ ಜಾಸ್ತಿ ಇರುವ ಭತ್ತ ಬಂದರೆ ಇರಲಿ ಅಂತ 100 ಕೆ.ಜಿ.ವರೆಗೆ ಹೋಗುವ ಫೀಡರ್ ಕಟ್ಟಬೇಕು ಎಂದು ತೀರ್ಮಾನ ಮಾಡಿದೆವು.

ಹಳೆಯದನ್ನು ಬಿಚ್ಚಿದಾಗ ರೋಗ ಕಣ್ಣಿಗೇ ಕಂಡಿತು. ಹೊಟ್ಟು ತುಂಬಿಡುವ ಹಾಪರ್‌ನ ಕೆಳಗಿನ ಬಾಯಿ 900 ಮಿ.ಮೀ. ಉದ್ದ, ಅಷ್ಟುದ್ದಕ್ಕೂ ಸ್ಕ್ರೂ ಒಂದೇ ಪಿಚ್, ಅಂದರೆ ಸುತ್ತಿನಿಂದ ಸುತ್ತಿಗೆ ಒಂದೇ ಅಂತರ. ಇಂಥ ಸ್ಕ್ರೂ ಹಾಪರ್‌ನ ಹಿಂದಿನ ತುದಿಯಿಂದ ಮಾತ್ರ ಎಳೆಯುತ್ತದೆ. ಹಿಂದಿನ ಮೊದಲ ಸುತ್ತುಗಳಲ್ಲೇ ಹೊಟ್ಟು ಪೂರ್ತಿ ತುಂಬಿಕೊಂಡುಬಿಟ್ಟರೆ ಮುಂದಿನ ಸುತ್ತುಗಳಲ್ಲಿ ಮೇಲಿನಿಂದ ಬೀಳುವುದಕ್ಕೆ ಜಾಗ ಎಲ್ಲಿದೆ, ಅಲ್ವಾ? ಹಾಗಾಗಿ ಹಿಂದೆ ಒಂದು ಬಾವಿ ತೋಡಿದ ಹಾಗೆ ತೂತು ಬಿದ್ದು, ಮುಂದಿನ ಭಾಗದ ಹೊಟ್ಟು ಕದಲದೆ ಕೂತಿತ್ತು. ತೂತು ಖಾಲಿಯಾದ ಮೇಲೆ ಫೀಡರ್ ಸುಮ್ನೆ ತಿರುಗುತ್ತಿತ್ತು, ಹುಡುಗರು ಬಡಿಗೆ ತಗೊಂಡು ಹಾಪರ್‌ಗೆ ಹೊಡೆಯುತ್ತಿದ್ದರು.

ಎರಡನೆಯದು ಸವೆತ. ಹೊಟ್ಟು ಹಗುರ, ಮೆತ್ತಗಿದೆ ಎಂದು ಯಾರೂ ಮೋಸ ಹೋಗಬೇಡಿ. ಅದರ ತೂಕದಲ್ಲಿ 15ರಿಂದ 20% ಬೂದಿ, ಆ ಬೂದಿಯಲ್ಲಿ ಹೆಚ್ಚಿನದು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. 5 ಮಿ.ಮೀ. ಪ್ಲೇಟಿನ ಫ್ಲೈಟು (ಶಾಫ್ಟ್ ಸುತ್ತ ಸುರುಳಿಯಾಗಿ ಹೋಗುವ ಪಟ್ಟಿ) ಅಂಚಿನಲ್ಲಿ 2 ಮಿ.ಮೀ. ಆಗಿ ಚೂಪಾಗಿತ್ತು, ಪೈಪಿಗೂ ಸ್ಕ್ರೂಗೂ ನಡುವೆ ಬೆರಳು ಹೋಗುವಷ್ಟು ಸಂದು.

ಮೂರನೆಯದು ನನಗೆ ನಿಜವಾಗಿ ಭಯ ತಂದಿದ್ದು. ಸ್ಕ್ರೂ ಪೈಪಿನ ತುದಿ ನೇರ ಭಟ್ಟಿಯೊಳಗೇ ತೆರೆದುಕೊಂಡಿತ್ತು. ಪೈಪಿನ ಬಣ್ಣ ಹಾಪರ್ ಕಡೆಗೆ ಎರಡು ಅಡಿಯಷ್ಟು ಸುಟ್ಟು ಕಪ್ಪಾಗಿತ್ತು. ಕರೆಂಟ್ ಹೋದಾಗ ಬೆಂಕಿ ಪೈಪಿನೊಳಗೆ ಹಿಂದಕ್ಕೆ ತೆವಳಿದ್ದರ ಗುರುತು ಅದು. ಮೇಲೆ ಹಾಪರ್‌ನಲ್ಲಿ ಒಣ ಹೊಟ್ಟು, ಪಕ್ಕದ ಗೋಡೆಯಾಚೆ ಚೀಲದ ಅಟ್ಟಿ. “ಅಣ್ಣಾ, ಒಂದೆರಡು ಸಲ ಹೊಗೆ ಬಂದಿತ್ತು, ನೀರು ಹಾಕಿದ್ವಿ” ಅಂದ ಭಟ್ಟಿ ನೋಡುವ ಹುಡುಗ. ಆ ದಿನವೇ ಹಳೆಯ ಫೀಡರ್ ಓಡಿಸುವುದನ್ನು ನಿಲ್ಲಿಸಲು ಸಾಹುಕಾರರಿಗೆ ಹೇಳಿದೆ, ಅವರೂ ಒಪ್ಪಿದರು.

ಹೊಸ ಸ್ಕ್ರೂಗೆ ಬರೋಣ. 6 ಇಂಚಿನ ಪೈಪ್ ತೆಗೆದುಕೊಂಡೆವು, ಒಳಗಳತೆ 158 ಮಿ.ಮೀ. ಸಿಕ್ಕಿತು. ಸ್ಕ್ರೂ ಹೊರವ್ಯಾಸ 148, ಅಂದರೆ ಸುತ್ತಲೂ 5 ಮಿ.ಮೀ. ಸಂದು. ನಡುವಿನ ಶಾಫ್ಟ್ ಒಂದೂವರೆ ಇಂಚಿನ ದಪ್ಪ ಪೈಪು, ಹೊರವ್ಯಾಸ 48 ಮಿ.ಮೀ. ಹಾಪರ್ ಕೆಳಗೆ ಪಿಚ್ ಅನ್ನು ಹಿಂದಿನಿಂದ ಮುಂದಕ್ಕೆ ಹೆಚ್ಚಿಸುತ್ತಾ ಹೋದೆವು: ಹಿಂದೆ 60, ನಡುವೆ 80, ಮುಂದೆ 100. ಸುತ್ತು ಮುಂದೆ ಹೋದಷ್ಟೂ ಅದರಲ್ಲಿ ಹೊಸ ಜಾಗ ಹುಟ್ಟುತ್ತದೆ, ಆ ಜಾಗಕ್ಕೆ ಮೇಲಿನ ಹೊಟ್ಟು ಇಳಿಯುತ್ತದೆ, ಹಾಪರ್ ಉದ್ದಕ್ಕೂ ಸಮವಾಗಿ ಇಳಿಯುತ್ತದೆ. ಹಾಪರ್ ದಾಟಿ ಪೈಪಿನೊಳಗೆ ಹೋದ ಮೇಲೆ ಪಿಚ್ 120. ಅಲ್ಲಿ ಅಳತೆ ಮಾಡುವ ಕೆಲಸ ಇಲ್ಲ, ಸಾಗಿಸಿದರೆ ಸಾಕು, ಬಿಗಿಯಾಗಿ ತುಂಬಿಕೊಳ್ಳಬಾರದು ಅಷ್ಟೆ.

ಫ್ಲೈಟು ಕತ್ತರಿಸುವ ಲೆಕ್ಕ ತುಂಬಾ ಜನ ಕೇಳುತ್ತಾರೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಸುತ್ತಿನ ಫ್ಲೈಟಿನ ಹೊರ ಅಂಚಿನ ಉದ್ದ ಬೇಕು, ಒಳ ಅಂಚಿನ ಉದ್ದವೂ ಬೇಕು. ವ್ಯಾಸವನ್ನು 3.14ರಿಂದ ಗುಣಿಸಿ ವರ್ಗ ಮಾಡಿ, ಅದಕ್ಕೆ ಪಿಚ್‌ನ ವರ್ಗ ಕೂಡಿಸಿ, ಒಟ್ಟಿನ ವರ್ಗಮೂಲ ತೆಗೆದರೆ ಅಂಚಿನ ಉದ್ದ ಬರುತ್ತದೆ. 100 ಪಿಚ್‌ಗೆ ಹೊರಗಿನದು 475.6, ಒಳಗಿನದು 181 ಮಿ.ಮೀ. ಫ್ಲೈಟಿನ ಅಗಲ 50. ಒಳ ಉದ್ದವನ್ನು ಅಗಲದಿಂದ ಗುಣಿಸಿ, ಹೊರ ಉದ್ದ ಮತ್ತು ಒಳ ಉದ್ದದ ವ್ಯತ್ಯಾಸದಿಂದ ಭಾಗಿಸಿದರೆ ಕತ್ತರಿಸಬೇಕಾದ ತೂತಿನ ಅರ್ಧವ್ಯಾಸ ಸಿಗುತ್ತದೆ, 30.7 ಮಿ.ಮೀ. ಅದಕ್ಕೆ 50 ಸೇರಿಸಿದರೆ ಹೊರಗಿನ ಅರ್ಧವ್ಯಾಸ 80.7. ಅಂದರೆ 161 ವ್ಯಾಸದ ಬಿಲ್ಲೆ, ನಡುವೆ 61ರ ತೂತು. ಇದೇ ಲೆಕ್ಕದಲ್ಲಿ 60 ಪಿಚ್‌ಗೆ 153 ಮತ್ತು 53, 80 ಪಿಚ್‌ಗೆ 157 ಮತ್ತು 57 ಬರುತ್ತದೆ. ಸುಮ್ನೆ 148ರ ಬಿಲ್ಲೆಗೆ 48ರ ತೂತು ಹಾಕಿ ಎಳೆದರೆ ಶಾಫ್ಟ್ ಮೇಲೆ ಕೂರುವುದಿಲ್ಲ, ಹೊರವ್ಯಾಸವೂ ಕಡಿಮೆಯಾಗುತ್ತದೆ, ಸಂದು ದೊಡ್ಡದಾಗುತ್ತದೆ.

ಬಿಲ್ಲೆಯನ್ನು ಒಂದು ಕಡೆ ಸೀಳಿ, ಒಂದು ತುದಿಯನ್ನು ಟೇಬಲ್ಲಿಗೆ ವೆಲ್ಡ್ ಮಾಡಿ, ಇನ್ನೊಂದು ತುದಿಯನ್ನು ಚೈನ್ ಬ್ಲಾಕಿನಲ್ಲಿ ಎಳೆದೆವು. ಪಿಚ್‌ಗಿಂತ ಸ್ವಲ್ಪ ಜಾಸ್ತಿಯೇ ಎಳೆಯಬೇಕು, ಬಿಟ್ಟಾಗ ಒಂದಿಷ್ಟು ಹಿಂದಕ್ಕೆ ಬರುತ್ತದೆ. ಶಾಫ್ಟ್ ಮೇಲೆ ಪಿಚ್ ಗುರುತು ಹಾಕಿಕೊಂಡು ಟ್ಯಾಕ್ ಹೊಡೆದು, ಆಮೇಲೆ ಎದುರುಬದುರು ಬದಿಗಳಲ್ಲಿ ತುಂಡು ತುಂಡಾಗಿ ವೆಲ್ಡ್ ಮಾಡಿದೆವು. ಒಂದೇ ಕಡೆಯಿಂದ ಉದ್ದಕ್ಕೆ ವೆಲ್ಡ್ ಎಳೆದರೆ ಶಾಫ್ಟ್ ಬಾಗುತ್ತದೆ, ನೇರ ಮಾಡುವಷ್ಟರಲ್ಲಿ ಸಾಕು ಸಾಕಾಗುತ್ತದೆ. ತಳ್ಳುವ ಮುಖದ ಹೊರ ಅಂಚಿಗೆ 20 ಮಿ.ಮೀ. ಅಗಲಕ್ಕೆ ಹಾರ್ಡ್‌ಫೇಸಿಂಗ್ ರಾಡ್ (ಬೇಗ ಸವೆಯದ ಗಟ್ಟಿ ಲೋಹದ ವೆಲ್ಡ್) ಹೊಡೆದೆವು. ಹೊಟ್ಟಿಗೆ ಇದು ಬೇಕೇ ಬೇಕು. ಆಮೇಲೆ ಲೇಥ್ ಮೇಲೆ ತಿರುಗಿಸಿ ಹೊರವ್ಯಾಸವನ್ನು ಗ್ರೈಂಡ್ ಮಾಡಿದೆವು.

ಹೊಟ್ಟು ಬೀಳುವ ಕಿಂಡಿಯ ಆಚೆ, ಕೊನೆಯ ಅರ್ಧ ಸುತ್ತನ್ನು ಉಲ್ಟಾ ದಿಕ್ಕಿನಲ್ಲಿ ಹಾಕಿದ್ದೇವೆ. ಕಿಂಡಿಗೆ ಬೀಳದೆ ಮುಂದೆ ಹೋದ ಹೊಟ್ಟನ್ನು ಅದು ವಾಪಸ್ ಕಿಂಡಿಗೆ ತರುತ್ತದೆ. ಇದಿಲ್ಲದಿದ್ದರೆ ಹೊಟ್ಟು ತುದಿಯ ಪ್ಲೇಟಿಗೆ ಒತ್ತಿಕೊಂಡು ಗಟ್ಟಿಯಾಗಿ ಸೀಲನ್ನೂ ಬೇರಿಂಗನ್ನೂ ತಿನ್ನುತ್ತದೆ. ಬೇರಿಂಗ್ ಎರಡೂ ಹೊರಗಡೆ, ಪ್ಲೇಟಿನಿಂದ 50 ಮಿ.ಮೀ. ದೂರದಲ್ಲಿ, ನಡುವೆ ಗ್ರಾಫೈಟ್ ಹಗ್ಗದ ಗ್ಲ್ಯಾಂಡ್, ಅಂದರೆ ಶಾಫ್ಟ್ ಸುತ್ತಲಿನ ಸೀಲು. ಗ್ಲ್ಯಾಂಡ್ ಸೋರಿದರೂ ಹೊಟ್ಟು ಕೆಳಗೆ ಬೀಳುತ್ತದೆ, ಬೇರಿಂಗಿಗೆ ಹೋಗುವುದಿಲ್ಲ.

ಹಾಪರ್ ವಿಷಯದಲ್ಲಿ ತಲೆನೋವು ಕೊಟ್ಟಿದ್ದು ಮರದ ಪುಡಿ. ಮಿಲ್ಲಿನವರು ಹೊಟ್ಟಿಗೆ ಒಳ್ಳೆ ರೇಟು ಸಿಕ್ಕಾಗ ಮಾರಿಬಿಡುತ್ತಾರೆ, ಕೊರತೆ ಬಿದ್ದಾಗ ಸಾ ಮಿಲ್ಲಿನ ಪುಡಿ ತಂದು ಬೆರೆಸುತ್ತಾರೆ. ಬರೀ ಹೊಟ್ಟು ಚೆನ್ನಾಗಿ ಜಾರುತ್ತದೆ. ಮರದ ಪುಡಿ ಹಾಗಲ್ಲ, ಅದರ ನಾರು ಒಂದಕ್ಕೊಂದು ಹೆಣೆದುಕೊಂಡು ಬಾಯಿಯ ಮೇಲೆ ಕಮಾನು ಕಟ್ಟುತ್ತದೆ, ತೇವ ಇದ್ದರೆ ಇನ್ನೂ ಬೇಗ. ಅದಕ್ಕೇ ಹಾಪರ್‌ನ ಒಂದು ಗೋಡೆಯನ್ನು ನೆಟ್ಟಗೆ ನಿಲ್ಲಿಸಿ, ಎದುರಿನದನ್ನು 65 ಡಿಗ್ರಿಗೆ ಇಳಿಸಿದೆವು. ಎರಡೂ ಕಡೆ ಒಂದೇ ಇಳಿಜಾರು ಇದ್ದರೆ ಕಮಾನಿಗೆ ಎರಡು ಕಾಲು ಸಿಕ್ಕಿದಂತೆ. ಜೊತೆಗೆ ಸ್ಕ್ರೂ ಮೇಲೆ ಒಂದಡಿ ಎತ್ತರದಲ್ಲಿ ಕಲಕುವ ಶಾಫ್ಟ್, ಅದಕ್ಕೆ 12 ಮಿ.ಮೀ. ಸರಳಿನ ಕೈಗಳು. ಸ್ಕ್ರೂ ಶಾಫ್ಟಿನಿಂದಲೇ ಚೈನಿನಲ್ಲಿ ನಿಧಾನಕ್ಕೆ ತಿರುಗುತ್ತದೆ.

ವೈಬ್ರೇಟರ್ ಹಾಕಿ ಎಂದು ಒಬ್ಬರು ಹೇಳಿದರು. ಹಾಕಲಿಲ್ಲ. ಕೆಳಗೆ ದಾರಿ ತೆರೆದಿಲ್ಲದಾಗ ನಡುಗಿಸಿದರೆ ಮರದ ಪುಡಿ ಇನ್ನಷ್ಟು ಗಟ್ಟಿ ಕೂರುತ್ತದೆ. ಕಲಕುವುದೇ ಸರಿ. ಹಾಪರ್ ಮೇಲೆ 40 ಮಿ.ಮೀ. ಕಣ್ಣಿನ ಜಾಳಿಗೆ ಇದೆ. ಸುತಳಿ, ತೊಗಟೆ, ಚೀಲದ ಚೂರು ಅಲ್ಲೇ ನಿಲ್ಲುತ್ತವೆ. ಸುತಳಿ ಒಂದು ಸ್ಕ್ರೂಗೆ ಸುತ್ತಿಕೊಂಡರೆ ಅದರ ಮೇಲೆ ಹೊಟ್ಟು ಕಟ್ಟಿ ಅಳತೆಯೆಲ್ಲ ಕೆಟ್ಟುಹೋಗುತ್ತದೆ. ಪ್ಲೈವುಡ್ ಉಜ್ಜಿದ ಹಿಟ್ಟಿನಂಥ ಪುಡಿ ಮಾತ್ರ ಬೇಡವೇ ಬೇಡ ಎಂದು ಗೋಡೆಗೆ ಬರೆಸಿದ್ದೇನೆ. ಅಷ್ಟು ನುಣ್ಣನೆಯ ಪುಡಿ ಗಾಳಿಯಲ್ಲಿ ಎದ್ದು ಕಿಡಿ ತಗುಲಿದರೆ ಸುಮ್ಮನೆ ಉರಿಯುವುದಿಲ್ಲ, ಸಿಡಿಯುತ್ತದೆ.

ಈಗ ಬೆಂಕಿಯ ದಾರಿ ಮುಚ್ಚುವ ಕೆಲಸ. ಸ್ಕ್ರೂ ಇನ್ನು ಭಟ್ಟಿಯನ್ನು ಮುಟ್ಟುವುದಿಲ್ಲ. ಸ್ಕ್ರೂನಿಂದ ಹೊಟ್ಟು ರೋಟರಿ ವಾಲ್ವ್‌ಗೆ (ಖಾನೆಗಳಿರುವ ತಿರುಗುವ ಬಾಗಿಲಿಗೆ) ಬೀಳುತ್ತದೆ, ಅಲ್ಲಿಂದ ಗಾಳಿ ಪೈಪಿಗೆ, ಗಾಳಿ ಅದನ್ನು ಭಟ್ಟಿಯೊಳಗೆ ಹರಡುತ್ತದೆ. ರೋಟರಿ ವಾಲ್ವ್ 200 ಮಿ.ಮೀ. ವ್ಯಾಸ, ಎಂಟು ಖಾನೆ, ನಿಮಿಷಕ್ಕೆ 15 ಸುತ್ತು, ಯಾವಾಗಲೂ ಅದೇ ವೇಗ. ಖಾನೆಗಳು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬುವುದಿಲ್ಲ, ಹಾಗಾಗಿ ಅಳತೆ ಸ್ಕ್ರೂ ಕೈಯಲ್ಲೇ ಇರುತ್ತದೆ, ವಾಲ್ವ್ ಬರೀ ಬಾಗಿಲು ಕಾಯುತ್ತದೆ. ಖಾನೆಗಳ ಅಂಚಿಗೆ ಕನ್ವೇಯರ್ ಬೆಲ್ಟಿನ ಪಟ್ಟಿ ಬೋಲ್ಟ್ ಮಾಡಿದ್ದೇವೆ, ಸವೆದರೆ ಮಿಲ್ಲಿನವರೇ ಬದಲಿಸಬಹುದು.

ಗಾಳಿ ಪೈಪಿನ ಸೈಜು ಆರಿಸುವಾಗ ಯೋಚನೆ ಬೇಕು. ಹೊಟ್ಟು ಪೈಪಿನ ತಳಕ್ಕೆ ಕೂರದೆ ಹಾರಿಕೊಂಡು ಹೋಗಲು ಸೆಕೆಂಡಿಗೆ 18 ಮೀಟರ್ ವೇಗ ಇಟ್ಟುಕೊಂಡೆವು. 4 ಇಂಚಿನ ಪೈಪಿನಲ್ಲಿ ಆ ವೇಗಕ್ಕೆ ಗಂಟೆಗೆ 500 ಘನ ಮೀಟರಿಗೂ ಮೇಲೆ ಗಾಳಿ ಬೇಕು, ಅಷ್ಟು ಹೊಟ್ಟಿಗೆ ಉರಿಯಲು ಬೇಕಾದ ಗಾಳಿ ಹೆಚ್ಚುಕಮ್ಮಿ ಅಷ್ಟೇ. ಎಲ್ಲ ಗಾಳಿಯೂ ಒಂದೇ ಬಾಯಿಂದ ತಣ್ಣಗೆ ನುಗ್ಗಿದರೆ ಉರಿ ಪೈಪಿನ ಬಾಯಿಂದ ದೂರ ತಳ್ಳಿಹೋಗುತ್ತದೆ, ಭಟ್ಟಿಯ ಕೆಳಗಿನ ಜಾಲರಿಯಿಂದ ಕೊಡಲು ಏನೂ ಉಳಿಯುವುದಿಲ್ಲ. 3 ಇಂಚಿನ ಪೈಪ್ ಹಾಕಿದರೆ 315 ಘನ ಮೀಟರ್ ಸಾಕು. ಅದನ್ನೇ ಹಾಕಿದೆವು, ಅರ್ಧ ಎಚ್‌ಪಿ ಬ್ಲೋವರ್.

ಹೊಟ್ಟು ಬೀಳುವ ಜಾಗಕ್ಕೆ ಮುಂಚೆ ಪೈಪನ್ನು 50 ಮಿ.ಮೀ.ಗೆ ಕಿರಿದು ಮಾಡಿದ್ದೇವೆ. ಗಾಳಿ ಅಲ್ಲಿ ವೇಗವಾಗಿ ಚಿಮ್ಮುವುದರಿಂದ ಬೀಳುವ ಕಿಂಡಿಯಲ್ಲಿ ಒತ್ತಡ ಇಳಿದು ಒಳಕ್ಕೆ ಎಳೆತ ಹುಟ್ಟುತ್ತದೆ. ಪರೀಕ್ಷೆ ಸುಲಭ: ವಾಲ್ವ್ ಕೂರಿಸುವ ಮುಂಚೆ, ಹೊಟ್ಟು ಇಲ್ಲದಾಗ, ಕಿಂಡಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಹೋಗಬೇಕು. ಹೊರಗೆ ತಳ್ಳಿದರೆ ಕಿರಿದು ಮಾಡಿದ ಮೂತಿಯನ್ನು ಹಿಂದೆ ಮುಂದೆ ಸರಿಸಿ ಸರಿಮಾಡಬೇಕು.

ಡ್ರೈವ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಎಚ್‌ಪಿ ಮೋಟರ್, 60ಕ್ಕೆ 1ರ ವರ್ಮ್ ಗೇರ್‌ಬಾಕ್ಸ್, ಅದರ ಮೇಲೆ 15 ಮತ್ತು 30 ಹಲ್ಲಿನ ಚೈನ್ ಚಕ್ರ. 50 ಹರ್ಟ್ಸ್‌ನಲ್ಲಿ ಸ್ಕ್ರೂ ನಿಮಿಷಕ್ಕೆ 12 ಸುತ್ತು. ವಿಎಫ್‌ಡಿ (ಕರೆಂಟಿನ ಹರ್ಟ್ಸ್ ಬದಲಿಸಿ ಮೋಟರ್ ವೇಗ ಹೊಂದಿಸುವ ಪೆಟ್ಟಿಗೆ) ಹರ್ಟ್ಸ್ ಇಳಿಸಿದಷ್ಟೂ ಸುತ್ತು ಕಡಿಮೆ. ಚೈನ್ ಇಲ್ಲದೆ ವಿಎಫ್‌ಡಿಯಲ್ಲೇ 18 ಹರ್ಟ್ಸ್‌ಗೆ ಇಳಿಸಬಹುದಿತ್ತಲ್ಲ ಎನ್ನಬಹುದು. ಆದರೆ ಅಷ್ಟು ನಿಧಾನದಲ್ಲಿ ಮೋಟರಿನ ಸ್ವಂತ ಫ್ಯಾನು ಗಾಳಿ ಕೊಡುವುದಿಲ್ಲ, ಸುಗ್ಗಿಯಲ್ಲಿ ಹಗಲೂ ರಾತ್ರಿ ಓಡಿದರೆ ಸುಡುತ್ತದೆ. ದೊಡ್ಡ ಚಕ್ರಕ್ಕೆ 6 ಮಿ.ಮೀ.ನ ಒಂದು ಬೋಲ್ಟ್ ಕಟ್ ಆಗುವ ಹಾಗೆ ಇಟ್ಟಿದ್ದೇವೆ, ಕಲ್ಲೋ ಕಬ್ಬಿಣವೋ ಸಿಕ್ಕಿಕೊಂಡರೆ ಅದು ಮುರಿಯುತ್ತದೆ, ಫ್ಲೈಟು ಉಳಿಯುತ್ತದೆ.

ಕರೆಂಟ್ ಹೋದಾಗ ಏನು ಎಂಬುದು ಈ ಕಡೆ ದೊಡ್ಡ ಪ್ರಶ್ನೆ. ಕರೆಂಟ್ ಹೋದರೆ ಸ್ಕ್ರೂ ನಿಲ್ಲುತ್ತದೆ, ಬ್ಲೋವರ್ ನಿಲ್ಲುತ್ತದೆ, ಜೊತೆಗೆ ಹೊಗೆ ಎಳೆಯುವ ಐಡಿ ಫ್ಯಾನೂ ನಿಲ್ಲುತ್ತದೆ. ಭಟ್ಟಿಯಲ್ಲಿ ಉಳಿದ ಹೊಟ್ಟು ಮಾತ್ರ ಉರಿಯುತ್ತಲೇ ಇರುತ್ತದೆ, ಆ ಹೊಗೆಗೆ ದಾರಿ ಬೇಕು. ಅದಕ್ಕೆ ಫ್ಯಾನನ್ನು ಬಿಟ್ಟು ನೇರ ಚಿಮಣಿಗೆ ಹೋಗುವ ಒಂದು ಪಕ್ಕದ ದಾರಿ ಮಾಡಿ, ಅದರ ಡ್ಯಾಂಪರನ್ನು (ದಾರಿ ಮುಚ್ಚುವ ತಗಡಿನ ಬಾಗಿಲನ್ನು) ಎಲೆಕ್ಟ್ರೋಮ್ಯಾಗ್ನೆಟ್ ಹಿಡಿದಿರುವ ಹಾಗೆ ಇಟ್ಟೆವು. ಕರೆಂಟ್ ಹೋದ ಕ್ಷಣ ಅದು ತನ್ನ ತೂಕಕ್ಕೇ ತೆರೆದುಕೊಳ್ಳುತ್ತದೆ. 12 ಮೀಟರ್ ಚಿಮಣಿಯಲ್ಲಿ 200 ಡಿಗ್ರಿ ಹೊಗೆ ಇದ್ದರೆ ತಾನಾಗಿಯೇ 4-5 ಮಿ.ಮೀ. ನೀರಿನಷ್ಟು ಎಳೆತ ಬರುತ್ತದೆ, ಬೆಂಕಿ ಹಿಂದಕ್ಕೆ ಬರದಿರಲು ಅಷ್ಟು ಸಾಕು. ರೋಟರಿ ವಾಲ್ವ್ ಕೆಳಗೆ ತೂಕ ಕಟ್ಟಿದ ಒಂದು ಮುಚ್ಚಳ ಇದೆ. ಸ್ಕ್ರೂ ಪೈಪಿನ ಮೇಲೆ 70 ಡಿಗ್ರಿಗೆ ಇಟ್ಟ ಥರ್ಮೋಸ್ಟಾಟ್, ಅದಕ್ಕೆ ಬ್ಯಾಟರಿ ಸೈರನ್. ಮೇಲಿನ ಟ್ಯಾಂಕಿನಿಂದ ಅರ್ಧ ಇಂಚಿನ ನೀರಿನ ಲೈನು ಪೈಪಿಗೇ ಬಂದಿದೆ, ಕೆಂಪು ಹಿಡಿಯ ವಾಲ್ವ್ ತಿರುಗಿಸಿದರೆ ಆಯಿತು. ಯಾರೇ ಇಂಥದ್ದು ಕಟ್ಟಿದರೂ ಈ ನಾಲ್ಕರಲ್ಲಿ ಒಂದನ್ನೂ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಪ್ಯಾನೆಲ್‌ನಲ್ಲಿ ಕ್ರಮ ಕಟ್ಟಿಹಾಕಿದ್ದೇವೆ: ಐಡಿ ಫ್ಯಾನ್ ಓಡದೆ ಬ್ಲೋವರ್ ಹತ್ತುವುದಿಲ್ಲ, ಬ್ಲೋವರ್ ಇಲ್ಲದೆ ವಾಲ್ವ್ ಇಲ್ಲ, ವಾಲ್ವ್ ಇಲ್ಲದೆ ಸ್ಕ್ರೂ ಇಲ್ಲ. ನಿಲ್ಲಿಸುವಾಗ ಉಲ್ಟಾ.

ಬೆಂಕಿ ಹಾಕುವ ಮುಂಚೆ ಅಳತೆ ನೋಡಿದೆವು. ವಾಲ್ವ್ ಕೆಳಗೆ ಚೀಲ ಕಟ್ಟಿ, ಹತ್ತು ನಿಮಿಷ ಓಡಿಸಿ ತೂಗುವುದು. ಒಂದು ಸುತ್ತಿಗೆ ಒಂದೂವರೆ ಲೀಟರು, ಹೊಟ್ಟು ಲೀಟರಿಗೆ 110 ಗ್ರಾಂ ಎಂದು ಹಿಡಿದರೆ ನಿಮಿಷಕ್ಕೆ 10 ಸುತ್ತಿನಲ್ಲಿ ಗಂಟೆಗೆ 100 ಕೆ.ಜಿ. ಬರಬೇಕು. ತೂಗಿದಾಗ ಬಂದಿದ್ದು 82. ಸ್ಕ್ರೂ ಯಾವತ್ತೂ ಪೂರ್ತಿ ತುಂಬುವುದಿಲ್ಲ, ಸಂದಿನಲ್ಲೂ ಒಂದಿಷ್ಟು ಹಿಂದೆ ಉಳಿಯುತ್ತದೆ, ಹಾಗಾಗಿ ಇದು ಒಳ್ಳೆಯ ಅಂಕಿಯೇ. 70 ಕೆ.ಜಿ.ಗೆ 36 ಹರ್ಟ್ಸ್. ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಬೇರೆ: ಹಾಪರ್‌ನಲ್ಲಿ ಹೊಟ್ಟಿನ ಮಟ್ಟ ಉದ್ದಕ್ಕೂ ಒಂದೇ ಸಮನೆ ಇಳಿಯುತ್ತಿತ್ತು.

ಮರದ ಪುಡಿ ಬೆರೆಸಿದರೆ ಮಾತ್ರ ಈ ಅಂಕಿ ಬದಲಾಗುತ್ತದೆ. ಸ್ಕ್ರೂ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಪುಡಿ ಲೀಟರಿಗೆ 200 ಗ್ರಾಂ ಇದ್ದು ಕಾಲು ಭಾಗ ಬೆರೆಸಿದರೆ ಅದೇ ಸುತ್ತಿಗೆ 20% ಜಾಸ್ತಿ ತೂಕ ಹೋಗುತ್ತದೆ. ನಮ್ಮ ಕಡೆಯ ಶಕ್ತಿನಗರದ ರಾಯಚೂರು ಥರ್ಮಲ್‌ನಂಥ ಸ್ಥಾವರಗಳಲ್ಲಿ ಕಲ್ಲಿದ್ದಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು ಬಿಸಿಗಾಳಿಯಲ್ಲಿ ಊದುತ್ತಾರೆ. ಸಾಮಾನ್ಯವಾಗಿ ಪುಡಿಯ 70% ಭಾಗ 75 ಮೈಕ್ರಾನ್ ಜರಡಿ ದಾಟುವಷ್ಟು ನುಣುಪು. ಅಂಥ ದೊಡ್ಡ ಬಾಯ್ಲರುಗಳಲ್ಲಿ ತೂಕ ತಪ್ಪದಿರಲು, ಅರೆಯುವ ಗಿರಣಿಗೆ ಹೋಗುವ ಕಲ್ಲಿದ್ದಲನ್ನು ಬೆಲ್ಟಿನ ಮೇಲೆಯೇ ತೂಗುವ ಫೀಡರ್ ಇರುತ್ತದೆ. ನಮ್ಮ ರೈಸ್ ಮಿಲ್ಲಿಗೆ ಅಷ್ಟು ಬೇಡ. ಬೆರಕೆ ಬದಲಾದಾಗ ಒಂದು ಚೀಲ ತೂಗಿ ಹರ್ಟ್ಸ್ ಬದಲಿಸಿದರೆ ಸಾಕು. ಪ್ಯಾನೆಲ್ ಬಾಗಿಲಿಗೆ ಆ ಕೋಷ್ಟಕ ಅಂಟಿಸಿದ್ದೇವೆ.

ಮೊದಲು ಕಟ್ಟಿಗೆ ಹಾಕಿ ಇಟ್ಟಿಗೆ ಕೆಂಪಾಗುವವರೆಗೆ ಕಾದು, ಆಮೇಲೆ 15 ಹರ್ಟ್ಸ್‌ನಲ್ಲಿ ಹೊಟ್ಟು ಬಿಟ್ಟೆವು. ತಣ್ಣನೆಯ ಭಟ್ಟಿಗೆ ಹೊಟ್ಟು ಊದಿದರೆ ಹೊತ್ತದೆ ತುಂಬಿಕೊಂಡು, ಆಮೇಲೆ ಒಟ್ಟಿಗೆ ಹೊತ್ತಿ ಬಾಗಿಲು ಹಾರಿಸುತ್ತದೆ, ಇದನ್ನು ಹುಡುಗರಿಗೆ ಬಿಡಿಸಿ ಹೇಳಿದ್ದೇನೆ. 36ಕ್ಕೆ ಏರಿಸಿ ಜಾಲರಿ ಗಾಳಿ ಹೊಂದಿಸಿದ ಮೇಲೆ ಚಿಮಣಿಯಲ್ಲಿ ಹೊಗೆ ಕಾಣದಷ್ಟು ತೆಳುವಾಯಿತು. ಡ್ರೈಯರ್ ಗಾಳಿ 48ರಿಂದ 51ರೊಳಗೆ ನಿಂತಿತು. ಬೂದಿ ಮೊದಲು ಕಪ್ಪಗಿರುತ್ತಿತ್ತು, ಈಗ ಬೂದುಬಿಳಿ. ಕಪ್ಪು ಬೂದಿ ಅಂದರೆ ಉರಿಯದೆ ಉಳಿದ ಇಂಗಾಲ, ದುಡ್ಡು ಬೂದಿಯಲ್ಲಿ ಹೋಗುತ್ತಿತ್ತು ಅಂತ ಅರ್ಥ.

ಹುಡುಗರು ಈಗ ಬೆಂಕಿಯ ಬಾಯಿಗೆ ಮುಖ ಕೊಟ್ಟು ನಿಲ್ಲಬೇಕಾಗಿಲ್ಲ. ನನಗೆ ನುಚ್ಚಿಗಿಂತ ಇದು ಮುಖ್ಯ. ಬೂದಿ ತೆಗೆಯುವ ಕೆಲಸ ಇನ್ನೂ ಕೈಯಿಂದಲೇ, ಗಂಟೆಗೆ 12-14 ಕೆ.ಜಿ. ಬರುತ್ತದೆ. ಆ ಸಿಲಿಕಾ ಧೂಳು ಪುಪ್ಪುಸಕ್ಕೆ ಹೋಗಬಾರದು. ಟವೆಲ್ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು, ಬೂದಿಗೆ ಸ್ವಲ್ಪ ನೀರು ಚಿಮುಕಿಸಿಯೇ ತುಂಬಬೇಕು. ಸಾಹುಕಾರರು ಮಾಸ್ಕ್ ತರಿಸಿದ್ದಾರೆ.

ಮುಂದಿನ ಸುಗ್ಗಿಗೆ ಮುಂಚೆ ಬೂದಿಗೂ ಒಂದು ಸ್ಕ್ರೂ ಹಾಕುವುದಿದೆ, ನೀರಿನ ತೊಟ್ಟಿಯಲ್ಲಿ ಮುಳುಗಿದ ತುದಿ ಇರುವಂಥದ್ದು. ಅದರ ಫ್ಲೈಟಿಗೆ 8 ಮಿ.ಮೀ. ಪ್ಲೇಟು ತಂದಿಟ್ಟಿದ್ದೇನೆ.